ಜಾವಾ ವೆಬ್ ಸರ್ವರ್‌ನಲ್ಲಿ ಸೆಷನ್ ವಿವರಗಳನ್ನು ಕಡತಗಳಲ್ಲಿ ಸಂಗ್ರಹಿಸುವ ವಿಧಾನ: ವಿವರಣೆ ಮತ್ತು ಮುನ್ನೆಚ್ಚರಿಕೆಗಳು

1. ಪೀಠಿಕೆ

ಸಾರ್ವಜನಿಕ ಸೇವೆಗಳನ್ನು ಅಂತರಜಾಲದ ಮೂಲಕ ಒದಗಿಸುವ ಜಾಲತಾಣಗಳಲ್ಲಿ ಅರ್ಜಿದಾರರು ಅನೇಕ ಪುಟಗಳ ನಮೂನೆಗಳನ್ನು ಒಂದರ ನಂತರ ಒಂದರಂತೆ ಭರ್ತಿ ಮಾಡಬೇಕಾಗುತ್ತದೆ. ಅರ್ಜಿದಾರರು ಮೂರನೆಯ ಅಥವಾ ನಾಲ್ಕನೆಯ ಪುಟದಲ್ಲಿರುವಾಗ ಸರ್ವರ್ ಅನ್ನು ಮರುಪ್ರಾರಂಭಿಸಿದಲ್ಲಿ, ಮುಂದಿನ ಪುಟಕ್ಕೆ ಬದಲಾಗಿ ಲಾಗಿನ್ ಪುಟವು ತೆರೆದುಕೊಳ್ಳುತ್ತದೆ ಮತ್ತು ಅಲ್ಲಿಯವರೆಗೆ ತುಂಬಿದ ವಿವರಗಳು ನಷ್ಟವಾಗುತ್ತವೆ. ದೂರದ ಊರಿನಿಂದ ಸೇವಾ ಕೇಂದ್ರಕ್ಕೆ ಬಂದು ಸರದಿಯಲ್ಲಿ ಕಾದು ಕುಳಿತವರಿಗೆ ಇದರಿಂದ ಇಡೀ ದಿನವೇ ವ್ಯರ್ಥವಾಗಬಹುದು.

ಈ ತೊಂದರೆಯನ್ನು ಕಡಿಮೆ ಮಾಡಲು ಸೆಷನ್ ವಿವರಗಳನ್ನು ಗಣಕದ ಸ್ಮರಣಕೋಶದಲ್ಲಿ ಮಾತ್ರ ಇರಿಸದೆ, ಡಿಸ್ಕಿನ ಕಡತಗಳಲ್ಲಿಯೂ ಸಂಗ್ರಹಿಸುವ ವ್ಯವಸ್ಥೆಯನ್ನು ಮಾಡಬಹುದಾಗಿದೆ. ವ್ಯಾಪಕ ಬಳಕೆಯಲ್ಲಿರುವ ಅಪಾಚೆ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಈ ವ್ಯವಸ್ಥೆಯನ್ನು ಅಳವಡಿಸುವ ಕ್ರಮವನ್ನೂ, ಅದರೊಂದಿಗೆ ಕೈಗೊಳ್ಳಲೇಬೇಕಾದ ಭದ್ರತಾ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ. ಸೆಷನ್ ಕಡತವನ್ನು ಸಾಮಾನ್ಯ ದಾಖಲೆಯಂತೆ ಪರಿಗಣಿಸದೆ, ಸರ್ವರ್‌ನ ಕಾರ್ಯಕ್ರಮದ ಭಾಗವೆಂದೇ ಪರಿಗಣಿಸಿ ರಕ್ಷಿಸತಕ್ಕದ್ದು ಎಂಬುದು ಈ ವಿವರಣೆಯ ಮುಖ್ಯಾಂಶವಾಗಿದೆ.

ಗಮನಿಸಿ: ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಅಂಶಗಳ ಹೆಸರುಗಳನ್ನು ಸಂರಚನಾ ಕಡತದಲ್ಲಿ ರೋಮನ್ ಲಿಪಿಯಲ್ಲಿ, ಟಾಮ್‌ಕ್ಯಾಟ್ ಕೈಪಿಡಿಯಲ್ಲಿರುವ ದೊಡ್ಡ ಮತ್ತು ಸಣ್ಣ ಅಕ್ಷರಗಳ ಕ್ರಮದಲ್ಲಿಯೇ ನಮೂದಿಸತಕ್ಕದ್ದು.

2. ಸೆಷನ್ ಎಂದರೇನು?

ಜಾಲತಾಣ ಮತ್ತು ಬ್ರೌಸರ್ ನಡುವಿನ ಸಂವಹನಕ್ಕೆ ಬಳಸುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಪ್ರತಿಯೊಂದು ವಿನಂತಿಯೂ ಸ್ವತಂತ್ರವಾಗಿರುತ್ತದೆ. ಎರಡನೆಯ ಪುಟವನ್ನು ಕೇಳುತ್ತಿರುವವರು ಮೊದಲನೆಯ ಪುಟವನ್ನು ಭರ್ತಿ ಮಾಡಿದವರೇ ಎಂಬುದು ಸರ್ವರ್‌ಗೆ ತಾನಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಕುಕಿ ಎಂಬ ವ್ಯವಸ್ಥೆಯನ್ನು ರೂಪಿಸಲಾಯಿತು. ಸರ್ವರ್ ಒಂದು ಗುರುತನ್ನು ಬ್ರೌಸರ್‌ಗೆ ನೀಡುತ್ತದೆ. ಬ್ರೌಸರ್ ಪ್ರತಿ ವಿನಂತಿಯೊಂದಿಗೆ ಅದನ್ನು ಹಿಂದಿರುಗಿಸುತ್ತದೆ.

ಜಾವಾ ವೆಬ್ ಸರ್ವರ್‌ಗಳಲ್ಲಿ ಈ ಗುರುತಿನ ಕುಕಿಗೆ ಜೆಸೆಷನ್‌ಐಡಿ ಎಂದು ಹೆಸರು. ಟಾಮ್‌ಕ್ಯಾಟ್ ಸಾಮಾನ್ಯವಾಗಿ 16 ಬೈಟ್‌ಗಳ ಯಾದೃಚ್ಛಿಕ ಸಂಖ್ಯೆಯನ್ನು ಸೃಷ್ಟಿಸಿ, ಅದನ್ನು 32 ಅಕ್ಷರಗಳ ಗುರುತಾಗಿ ಬರೆಯುತ್ತದೆ. ಈ ಗುರುತಿಗೆ ಸಂಬಂಧಿಸಿದ ವಿವರಗಳು, ಅಂದರೆ ಲಾಗಿನ್ ಆದವರ ಹೆಸರು, ಆಯ್ದುಕೊಂಡ ಭಾಷೆ, ಅರ್ಧ ತುಂಬಿದ ನಮೂನೆ ಇತ್ಯಾದಿಗಳು ಸರ್ವರ್‌ನಲ್ಲಿಯೇ ಇರುತ್ತವೆ. ಈ ವಿವರಗಳ ಗುಚ್ಛವೇ ಸೆಷನ್. ನಿಗದಿತ ಅವಧಿಯವರೆಗೆ ಬಳಕೆದಾರರಿಂದ ಯಾವುದೇ ವಿನಂತಿ ಬಾರದಿದ್ದಲ್ಲಿ ಸೆಷನ್ ಮುಕ್ತಾಯಗೊಳ್ಳುತ್ತದೆ. ಟಾಮ್‌ಕ್ಯಾಟ್‌ನೊಂದಿಗೆ ಬರುವ ವೆಬ್.ಎಕ್ಸ್‌ಎಂಎಲ್ ಕಡತದಲ್ಲಿ ಈ ಅವಧಿಯನ್ನು 30 ನಿಮಿಷಗಳೆಂದು ನಿಗದಿಪಡಿಸಲಾಗಿದೆ.

3. ಸಾಮಾನ್ಯ ವ್ಯವಸ್ಥೆ ಮತ್ತು ಅದರ ಮಿತಿ

ಬೇರೆ ಸೂಚನೆ ಇಲ್ಲದಿದ್ದಲ್ಲಿ ಟಾಮ್‌ಕ್ಯಾಟ್ ಸ್ಟ್ಯಾಂಡರ್ಡ್‌ಮ್ಯಾನೇಜರ್ ಎಂಬ ನಿರ್ವಾಹಕ ಘಟಕವನ್ನು ಬಳಸುತ್ತದೆ. ಇದು ಎಲ್ಲ ಸೆಷನ್‌ಗಳನ್ನು ಸ್ಮರಣಕೋಶದಲ್ಲಿಯೇ ಇರಿಸುತ್ತದೆ. 10.0 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಸರ್ವರ್ ಅನ್ನು ಕ್ರಮಬದ್ಧವಾಗಿ ನಿಲ್ಲಿಸಿದಾಗ ಸೆಷನ್‌ಗಳನ್ನೆಲ್ಲ ಸೆಷನ್ಸ್.ಎಸ್‌ಇಆರ್ ಎಂಬ ಒಂದೇ ಕಡತದಲ್ಲಿ ಬರೆದಿಟ್ಟು, ಮತ್ತೆ ಪ್ರಾರಂಭಿಸಿದಾಗ ಓದಿಕೊಳ್ಳುವ ಪದ್ಧತಿ ಇತ್ತು. 10.1ನೇ ಆವೃತ್ತಿಯಿಂದ ಈ ಪದ್ಧತಿಯು ತಾನಾಗಿ ಜಾರಿಯಲ್ಲಿರುವುದಿಲ್ಲ. ಬೇಕಾದಲ್ಲಿ ನಿರ್ವಾಹಕರೇ ಅದನ್ನು ಸಕ್ರಿಯಗೊಳಿಸಬೇಕು. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಬದಲಾಯಿಸಿದ ನಂತರ ಮರುಪ್ರಾರಂಭದ ವೇಳೆ ಬಳಕೆದಾರರು ಹೊರಬೀಳುತ್ತಿದ್ದಲ್ಲಿ, ಮೊದಲು ಈ ಅಂಶವನ್ನು ಪರಿಶೀಲಿಸತಕ್ಕದ್ದು.

ಈ ಪದ್ಧತಿಗೆ ಇನ್ನೂ ಒಂದು ಮಿತಿ ಇದೆ. ವಿದ್ಯುತ್ ಕಡಿತ, ಸ್ಮರಣಕೋಶದ ಕೊರತೆ ಅಥವಾ ಬಲವಂತದ ಸ್ಥಗಿತದಿಂದ ಸರ್ವರ್ ಹಠಾತ್ತನೆ ನಿಂತಲ್ಲಿ ಕಡತವನ್ನು ಬರೆಯಲು ಅವಕಾಶವೇ ದೊರೆಯುವುದಿಲ್ಲ. ಆಗ ಎಲ್ಲ ಸೆಷನ್‌ಗಳೂ ನಷ್ಟವಾಗುತ್ತವೆ.

4. ಕಡತ ಆಧಾರಿತ ಸಂಗ್ರಹಣೆ

ಮೇಲ್ಕಂಡ ಮಿತಿಗೆ ಪರಿಹಾರವಾಗಿ ಟಾಮ್‌ಕ್ಯಾಟ್‌ನಲ್ಲಿ ಪರ್ಸಿಸ್ಟೆಂಟ್‌ಮ್ಯಾನೇಜರ್ ಎಂಬ ಇನ್ನೊಂದು ನಿರ್ವಾಹಕ ಘಟಕವಿದೆ. ಇದರೊಳಗೆ ಸ್ಟೋರ್ ಎಂಬ ಸಂಗ್ರಹ ಘಟಕವನ್ನು ಸೂಚಿಸಬೇಕು. ಸಂಗ್ರಹವು ದತ್ತಸಂಚಯದಲ್ಲಿ ಇರಬಹುದು ಅಥವಾ ಕಡತಗಳಲ್ಲಿ ಇರಬಹುದು. ಕಡತಗಳಲ್ಲಿ ಇರಿಸುವ ಘಟಕದ ಹೆಸರು ಫೈಲ್‌ಸ್ಟೋರ್. ಇದು ಪ್ರತಿಯೊಂದು ಸೆಷನ್‌ಗೂ ಪ್ರತ್ಯೇಕ ಕಡತವನ್ನು ರಚಿಸುತ್ತದೆ. ಸೆಷನ್‌ನ ಗುರುತೇ ಕಡತದ ಹೆಸರಾಗಿದ್ದು, ಅದರ ಕೊನೆಗೆ ಡಾಟ್ ಸೆಷನ್ ಎಂಬ ವಿಸ್ತರಣೆ ಸೇರಿರುತ್ತದೆ.

ಸರ್ವರ್‌ಗೆ ವಿನಂತಿ ಬಂದಾಗ ಗುರುತಿಗೆ ಹೊಂದುವ ಸೆಷನ್ ಅನ್ನು ಮೊದಲು ಸ್ಮರಣಕೋಶದಲ್ಲಿ ಹುಡುಕಲಾಗುತ್ತದೆ. ಅಲ್ಲಿ ದೊರೆಯದಿದ್ದಲ್ಲಿ ಅದೇ ಹೆಸರಿನ ಕಡತವನ್ನು ಡಿಸ್ಕಿನಿಂದ ಓದಿ, ಸೆಷನ್ ಅನ್ನು ಮತ್ತೆ ರೂಪಿಸಲಾಗುತ್ತದೆ.

ಸೆಷನ್‌ನಲ್ಲಿರುವ ಜಾವಾ ವಸ್ತುಗಳನ್ನು ಬೈಟ್‌ಗಳ ಸಾಲಾಗಿ ಪರಿವರ್ತಿಸಿ ಬರೆಯುವ ಕ್ರಿಯೆಗೆ ಸೀರಿಯಲೈಸೇಶನ್ ಎಂದೂ, ಆ ಬೈಟ್‌ಗಳಿಂದ ವಸ್ತುಗಳನ್ನು ಮತ್ತೆ ಕಟ್ಟುವ ಕ್ರಿಯೆಗೆ ಡಿಸೀರಿಯಲೈಸೇಶನ್ ಎಂದೂ ಹೆಸರು. ಈ ಎರಡನೆಯ ಕ್ರಿಯೆಯ ಮಹತ್ವವನ್ನು 7ನೇ ಭಾಗದಲ್ಲಿ ವಿವರಿಸಲಾಗಿದೆ.

5. ಅಳವಡಿಸುವ ಕ್ರಮ

ಅ) ಸಂರಚನೆಯ ಸ್ಥಳ: ವ್ಯವಸ್ಥೆಯನ್ನು ಕಾಂಟೆಕ್ಸ್ಟ್.ಎಕ್ಸ್‌ಎಂಎಲ್ ಕಡತದಲ್ಲಿ ನಮೂದಿಸಬೇಕು. ಕಾನ್ಫ್ ಡೈರೆಕ್ಟರಿಯಲ್ಲಿರುವ ಕಡತವು ಆ ಸರ್ವರ್‌ನ ಎಲ್ಲ ಅನ್ವಯಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಆಯಾ ಅನ್ವಯಕ್ಕೆ ಸೀಮಿತವಾದ ಕಾಂಟೆಕ್ಸ್ಟ್ ಕಡತದಲ್ಲಿಯೇ ನಮೂದಿಸುವುದು ಸೂಕ್ತ. ಎರಡು ಅನ್ವಯಗಳು ಒಂದೇ ಸೆಷನ್ ಡೈರೆಕ್ಟರಿಯನ್ನು ಹಂಚಿಕೊಳ್ಳಬಾರದು.

ಆ) ಮ್ಯಾನೇಜರ್ ಅಂಶ: ಕಾಂಟೆಕ್ಸ್ಟ್ ಅಂಶದ ಒಳಗೆ ಮ್ಯಾನೇಜರ್ ಅಂಶವನ್ನು ಸೇರಿಸಿ, ಅದರ ಕ್ಲಾಸ್‌ನೇಮ್ ಗುಣವಾಗಿ ಪರ್ಸಿಸ್ಟೆಂಟ್‌ಮ್ಯಾನೇಜರ್‌ನ ಪೂರ್ಣ ಹೆಸರನ್ನು ಕೊಡಬೇಕು.

ಇ) ಸ್ಟೋರ್ ಅಂಶ: ಮ್ಯಾನೇಜರ್ ಅಂಶದ ಒಳಗೆ ಸ್ಟೋರ್ ಅಂಶವನ್ನು ಸೇರಿಸಿ, ಫೈಲ್‌ಸ್ಟೋರ್‌ನ ಪೂರ್ಣ ಹೆಸರನ್ನೂ, ಡೈರೆಕ್ಟರಿ ಎಂಬ ಗುಣದಲ್ಲಿ ಸಂಗ್ರಹ ಸ್ಥಳದ ಪೂರ್ಣ ಮಾರ್ಗವನ್ನೂ ಕೊಡಬೇಕು. ಈ ಗುಣವನ್ನು ಬಿಟ್ಟಲ್ಲಿ ಅನ್ವಯದ ತಾತ್ಕಾಲಿಕ ಕಾರ್ಯ ಡೈರೆಕ್ಟರಿಯಲ್ಲಿಯೇ ಕಡತಗಳು ಸಂಗ್ರಹವಾಗುತ್ತವೆ. ಹಾಗೆ ಬಿಡಬಾರದು.

ಈ) ಚಟುವಟಿಕೆಯ ಎಣಿಕೆ: ಬಳಕೆಯಲ್ಲಿರುವ ಸೆಷನ್ ಯಾವುದು ಎಂಬುದನ್ನು ಟಾಮ್‌ಕ್ಯಾಟ್ ಎಣಿಸುವಂತೆ ಆ್ಯಕ್ಟಿವಿಟಿ ಚೆಕ್ ಎಂಬ ಆಯ್ಕೆಯನ್ನು ಸಕ್ರಿಯಗೊಳಿಸಬೇಕು. ಇಲ್ಲವಾದಲ್ಲಿ, ವಿನಂತಿಯೊಂದು ಇನ್ನೂ ನಡೆಯುತ್ತಿರುವಾಗಲೇ ಅದರ ಸೆಷನ್ ಡಿಸ್ಕಿಗೆ ಸಾಗಿಸಲ್ಪಡುವ ಸಂಭವವಿದೆ. ಈ ಆಯ್ಕೆಯನ್ನು ನಮೂದಿಸುವ ಸ್ಥಳವು ಆವೃತ್ತಿಗನುಸಾರ ಬೇರೆಯಾಗಿರುವುದರಿಂದ, ಬಳಕೆಯಲ್ಲಿರುವ ಆವೃತ್ತಿಯ ಕೈಪಿಡಿಯನ್ನು ನೋಡತಕ್ಕದ್ದು.

ಉ) ಅವಧಿಗಳು: ಈ ಕೆಳಕಂಡ ಗುಣಗಳನ್ನು ನಿಗದಿಪಡಿಸಬೇಕು. ಇವುಗಳಲ್ಲಿ ಅವಧಿ ಸೂಚಿಸುವವುಗಳನ್ನು ಸೆಕೆಂಡುಗಳಲ್ಲಿ ಕೊಡಬೇಕು.

ಮ್ಯಾಕ್ಸ್‌ಐಡಲ್‌ಬ್ಯಾಕಪ್: ಕೊನೆಯ ಬಳಕೆಯ ನಂತರ ಇಷ್ಟು ಅವಧಿ ಕಳೆದ ಸೆಷನ್‌ನ ಪ್ರತಿಯನ್ನು ಕಡತದಲ್ಲಿ ಬರೆಯಲಾಗುತ್ತದೆ. ಮೂಲವು ಸ್ಮರಣಕೋಶದಲ್ಲಿಯೇ ಉಳಿಯುತ್ತದೆ.

ಮ್ಯಾಕ್ಸ್‌ಐಡಲ್‌ಸ್ವಾಪ್: ಇಷ್ಟು ಅವಧಿ ಕಳೆದ ಸೆಷನ್ ಅನ್ನು ಕಡತಕ್ಕೆ ಬರೆದು, ಸ್ಮರಣಕೋಶದಿಂದ ತೆಗೆಯಲಾಗುತ್ತದೆ. ಇದು ಹಿಂದಿನ ಅವಧಿಗೆ ಸಮವಾಗಿರಬೇಕು ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು.

ಮ್ಯಾಕ್ಸ್‌ಆ್ಯಕ್ಟಿವ್‌ಸೆಷನ್ಸ್ ಮತ್ತು ಮಿನ್‌ಐಡಲ್‌ಸ್ವಾಪ್: ಸ್ಮರಣಕೋಶದಲ್ಲಿರುವ ಸೆಷನ್‌ಗಳ ಸಂಖ್ಯೆಗೆ ಮಿತಿ ಹೇರಲು ಇವುಗಳನ್ನು ಬಳಸಲಾಗುತ್ತದೆ. ಮಿತಿ ತಲುಪಿದಾಗ ಹೊಸ ಸೆಷನ್ ರಚನೆಯೇ ವಿಫಲವಾಗಬಹುದಾದ್ದರಿಂದ, ದಟ್ಟಣೆಯ ಅಂದಾಜು ದೊರೆಯುವವರೆಗೆ ಮಿತಿಯನ್ನು ಹೇರದಿರುವುದು ಲೇಸು.

ಸೇವ್‌ಆನ್‌ರೀಸ್ಟಾರ್ಟ್: ಕ್ರಮಬದ್ಧ ಸ್ಥಗಿತದ ವೇಳೆ ಎಲ್ಲ ಸೆಷನ್‌ಗಳನ್ನು ಉಳಿಸಬೇಕೇ ಎಂಬುದನ್ನು ಸೂಚಿಸುತ್ತದೆ. ಇದರ ಮೂಲ ಮೌಲ್ಯ ಹೌದು ಎಂದಿರುತ್ತದೆ.

ಮೊದಲ ಮೂರು ಅವಧಿ ಮತ್ತು ಮಿತಿ ಗುಣಗಳ ಮೂಲ ಮೌಲ್ಯ ಋಣ 1 ಆಗಿದ್ದು, ಆ ಸೌಲಭ್ಯವು ಜಾರಿಯಲ್ಲಿಲ್ಲ ಎಂಬುದು ಅದರ ಅರ್ಥ. ಪರ್ಸಿಸ್ಟೆಂಟ್‌ಮ್ಯಾನೇಜರ್ ಅನ್ನು ಮಾತ್ರ ನಮೂದಿಸಿ ಮ್ಯಾಕ್ಸ್‌ಐಡಲ್‌ಬ್ಯಾಕಪ್ ಅನ್ನು ಹಾಗೆಯೇ ಬಿಟ್ಟಲ್ಲಿ, ಹಠಾತ್ ಸ್ಥಗಿತದಿಂದ ಯಾವ ರಕ್ಷಣೆಯೂ ದೊರೆಯುವುದಿಲ್ಲ.

6. ಒಂದು ಉದಾಹರಣೆ

ಸೆಷನ್ ಅವಧಿ 30 ನಿಮಿಷ, ಮ್ಯಾಕ್ಸ್‌ಐಡಲ್‌ಬ್ಯಾಕಪ್ 60 ಸೆಕೆಂಡು ಮತ್ತು ಮ್ಯಾಕ್ಸ್‌ಐಡಲ್‌ಸ್ವಾಪ್ 900 ಸೆಕೆಂಡು ಎಂದು ನಿಗದಿಪಡಿಸಿದೆ ಎಂದುಕೊಳ್ಳೋಣ. ಟಾಮ್‌ಕ್ಯಾಟ್‌ನ ಹಿನ್ನೆಲೆ ಕಾರ್ಯವು ಮೂಲ ಸಂರಚನೆಯಲ್ಲಿ 10 ಸೆಕೆಂಡಿಗೊಮ್ಮೆ ನಡೆಯುತ್ತದೆ ಮತ್ತು ಪ್ರತಿ ಆರನೆಯ ಸುತ್ತಿನಲ್ಲಿ, ಅಂದರೆ ಸುಮಾರು ನಿಮಿಷಕ್ಕೊಮ್ಮೆ, ಸೆಷನ್‌ಗಳನ್ನು ಪರಿಶೀಲಿಸುತ್ತದೆ.

ಅರ್ಜಿದಾರರು ಬೆಳಿಗ್ಗೆ 10.00 ಗಂಟೆಗೆ ಒಂದು ಪುಟವನ್ನು ಸಲ್ಲಿಸಿ, ದಾಖಲೆಯೊಂದನ್ನು ಹುಡುಕಲು ಎದ್ದು ಹೋಗುತ್ತಾರೆ. ಸುಮಾರು 10.02ರೊಳಗೆ ಅವರ ಸೆಷನ್‌ನ ಪ್ರತಿ ಕಡತದಲ್ಲಿ ಸೇರುತ್ತದೆ. 10.05ಕ್ಕೆ ಸರ್ವರ್ ಹಠಾತ್ತನೆ ನಿಂತು ಮತ್ತೆ ಪ್ರಾರಂಭವಾದರೂ, 10.10ಕ್ಕೆ ಹಿಂದಿರುಗುವ ಅರ್ಜಿದಾರರು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಸರ್ವರ್ ನಿಲ್ಲದಿದ್ದಲ್ಲಿ, 10.15ರ ನಂತರ ಸೆಷನ್ ಸ್ಮರಣಕೋಶದಿಂದ ತೆರವಾಗುತ್ತದೆ ಮತ್ತು ಅವರು 10.20ಕ್ಕೆ ಬಂದಾಗ ಕಡತದಿಂದ ಓದಲ್ಪಡುತ್ತದೆ. 10.30ರವರೆಗೂ ಅವರು ಬಾರದಿದ್ದಲ್ಲಿ ಸೆಷನ್ ಮುಕ್ತಾಯಗೊಂಡು, ನಂತರದ ಪರಿಶೀಲನೆಯಲ್ಲಿ ಕಡತವು ಅಳಿಸಲ್ಪಡುತ್ತದೆ.

ಆದರೆ 10.00 ಗಂಟೆಗೆ ಪುಟ ಸಲ್ಲಿಸಿ ಅರ್ಧ ನಿಮಿಷದಲ್ಲಿಯೇ ಸರ್ವರ್ ನಿಂತಲ್ಲಿ, ಆ ಪುಟದ ವಿವರಗಳು ಉಳಿಯುವುದಿಲ್ಲ. ಎಡೆಬಿಡದೆ ಪುಟಗಳನ್ನು ಸಲ್ಲಿಸುತ್ತಿರುವವರ ಸೆಷನ್ ಕೂಡ ಬಿಡುವು ದೊರೆಯದ ಕಾರಣ ಕಡತಕ್ಕೆ ಸೇರಿರುವುದಿಲ್ಲ. ಪ್ರತಿ ವಿನಂತಿಯ ನಂತರ ಬರೆಯಲು ಪರ್ಸಿಸ್ಟೆಂಟ್‌ವಾಲ್ವ್ ಎಂಬ ಘಟಕವಿದೆಯಾದರೂ, ಅದರಿಂದ ಡಿಸ್ಕಿನ ಮೇಲಿನ ಹೊರೆ ಹೆಚ್ಚುತ್ತದೆ. ಆದಕಾರಣ ಕಳೆದುಹೋಗಬಾರದ ವಿವರಗಳನ್ನು ಪ್ರತಿ ಪುಟದ ಸಲ್ಲಿಕೆಯ ವೇಳೆ ಕರಡು ಅರ್ಜಿಯಾಗಿ ದತ್ತಸಂಚಯದಲ್ಲಿಯೇ ದಾಖಲಿಸತಕ್ಕದ್ದು. ಸೆಷನ್ ಕಡತವು ಅರ್ಜಿದಾರರ ಅನುಕೂಲಕ್ಕಾಗಿ ಇರುವ ವ್ಯವಸ್ಥೆಯೇ ಹೊರತು ಶಾಶ್ವತ ದಾಖಲೆಯಲ್ಲ.

7. ಭದ್ರತೆ: ಕಡತವು ಏಕೆ ಅಪಾಯಕಾರಿಯಾಗಬಹುದು?

ಪಠ್ಯ ಕಡತವನ್ನು ಓದಿದಾಗ ಅಕ್ಷರಗಳು ಮಾತ್ರ ದೊರೆಯುತ್ತವೆ. ಸೆಷನ್ ಕಡತವನ್ನು ಓದಿದಾಗ ಅದರಲ್ಲಿ ಹೆಸರಿಸಿರುವ ಜಾವಾ ವಸ್ತುಗಳು ಸರ್ವರ್‌ನೊಳಗೆ ನಿರ್ಮಾಣಗೊಳ್ಳುತ್ತವೆ ಮತ್ತು ನಿರ್ಮಾಣದ ವೇಳೆ ಆ ವಸ್ತುಗಳಿಗೆ ಸೇರಿದ ಕೆಲವು ಆಜ್ಞೆಗಳು ಕಾರ್ಯಗತವಾಗುತ್ತವೆ. ಅನ್ವಯದಲ್ಲಿರುವ ಯಾವುದಾದರೂ ತಂತ್ರಾಂಶ ಸಂಗ್ರಹವು ಇದಕ್ಕೆ ಆಸ್ಪದ ನೀಡುವಂತಿದ್ದಲ್ಲಿ, ಕೃತಕವಾಗಿ ರಚಿಸಿದ ಸೆಷನ್ ಕಡತದ ಮೂಲಕ ದಾಳಿಕೋರರು ತಮಗೆ ಬೇಕಾದ ಆಜ್ಞೆಯನ್ನು ಸರ್ವರ್‌ನಲ್ಲಿ ನಡೆಸಬಹುದು. ಸೆಷನ್ ಡೈರೆಕ್ಟರಿಯಲ್ಲಿ ಕಡತ ಇರಿಸಬಲ್ಲವರು ಸರ್ವರ್‌ನ ಮೇಲೆಯೇ ಅಧಿಕಾರ ಪಡೆಯಬಹುದು ಎಂಬುದು ಇದರ ತಾತ್ಪರ್ಯ. ಈ ಅಪಾಯವು ಕೇವಲ ಊಹೆಯಲ್ಲ ಎಂಬುದನ್ನು ಈ ಕೆಳಕಂಡ ಪ್ರಕರಣಗಳು ತೋರಿಸಿಕೊಟ್ಟಿವೆ.

2020ರ ಮೇ ತಿಂಗಳಿನಲ್ಲಿ ಸಿವಿಇ-2020-9484 ಎಂಬ ದೋಷವನ್ನು ಪ್ರಕಟಿಸಲಾಯಿತು. ಫೈಲ್‌ಸ್ಟೋರ್ ಬಳಸುವ ಸರ್ವರ್‌ನಲ್ಲಿ, ಬಳಕೆದಾರರು ಅಪ್‌ಲೋಡ್ ಮಾಡಿದ ಕಡತವು ಡಿಸ್ಕಿನ ಬೇರೊಂದು ಸ್ಥಳದಲ್ಲಿದ್ದರೂ, ಕುಕಿಯ ಗುರುತಿನಲ್ಲಿ ಆ ಸ್ಥಳದ ಸಾಪೇಕ್ಷ ಮಾರ್ಗವನ್ನು ಬರೆದು ಕಳುಹಿಸಿದಲ್ಲಿ ಅದನ್ನೇ ಸೆಷನ್ ಎಂದು ಸರ್ವರ್ ಓದಿಬಿಡುತ್ತಿತ್ತು. 10.0.0-ಎಂ5, 9.0.35, 8.5.55 ಮತ್ತು 7.0.104 ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಲಾಯಿತು. ಆ ಪರಿಹಾರದಲ್ಲಿ ಉಳಿದಿದ್ದ ಕೊರತೆಗಳಿಗಾಗಿ 2021 ಮತ್ತು 2022ರಲ್ಲಿ ಮತ್ತೆರಡು ತಿದ್ದುಪಡಿಗಳು ಅಗತ್ಯವಾದವು.

2025ರ ಮಾರ್ಚ್ ತಿಂಗಳಿನಲ್ಲಿ ಸಿವಿಇ-2025-24813 ಎಂಬ ದೋಷವು ಪ್ರಕಟವಾಯಿತು. ಕಡತವೊಂದನ್ನು ಭಾಗಶಃ ಕಳುಹಿಸುವ ಪುಟ್ ವಿನಂತಿಯನ್ನು ಸ್ವೀಕರಿಸಿದಾಗ ಟಾಮ್‌ಕ್ಯಾಟ್ ತನ್ನ ಕಾರ್ಯ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಕಡತವನ್ನು ರಚಿಸುತ್ತಿತ್ತು. ಆ ಕಡತದ ಹೆಸರು ವಿನಂತಿಯಲ್ಲಿದ್ದ ಮಾರ್ಗದಿಂದಲೇ ರೂಪುಗೊಳ್ಳುತ್ತಿತ್ತು. ಫೈಲ್‌ಸ್ಟೋರ್‌ಗೆ ಬೇರೆ ಡೈರೆಕ್ಟರಿಯನ್ನು ಸೂಚಿಸದಿದ್ದಲ್ಲಿ ಸೆಷನ್ ಕಡತಗಳೂ ಅಲ್ಲಿಯೇ ಇರುತ್ತಿದ್ದವು. ಹೀಗಾಗಿ ಹೊರಗಿನವರು ಕಳುಹಿಸಿದ ಕಡತವು ಸೆಷನ್ ಕಡತದ ಸ್ಥಾನದಲ್ಲಿ ಬಂದು ಕೂರುವುದು ಸಾಧ್ಯವಾಯಿತು. ಇದು ನಡೆಯಲು ಬರೆಯುವ ಅನುಮತಿಯನ್ನು ನಿರ್ವಾಹಕರು ತೆರೆದಿರಬೇಕಿತ್ತು. ಮೂಲ ಸಂರಚನೆಯಲ್ಲಿ ಅದು ಮುಚ್ಚಿರುತ್ತದೆ. 11.0.3, 10.1.35 ಮತ್ತು 9.0.99 ಆವೃತ್ತಿಗಳಲ್ಲಿ ದೋಷವನ್ನು ಸರಿಪಡಿಸಲಾಯಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯಾದ ಸಿಸಾ, ವಾಸ್ತವವಾಗಿ ದುರ್ಬಳಕೆಯಾಗುತ್ತಿರುವ ದೋಷಗಳ ತನ್ನ ಪಟ್ಟಿಗೆ ಇದನ್ನು ಸೇರಿಸಿತು.

ಸಂಗ್ರಹ ಸ್ಥಳವನ್ನು ಸೂಚಿಸುವ ಒಂದು ಸಾಲನ್ನು ಬರೆದಿದ್ದ ನಿರ್ವಾಹಕರ ಸರ್ವರ್‌ಗಳಲ್ಲಿ ಈ ಎರಡನೆಯ ಮಾರ್ಗವು ಮುಚ್ಚಿಯೇ ಇತ್ತು ಎಂಬುದು ಗಮನಾರ್ಹ.

8. ಕೈಗೊಳ್ಳಬೇಕಾದ ಮುನ್ನೆಚ್ಚರಿಕೆಗಳು

1) ಸೆಷನ್ ಡೈರೆಕ್ಟರಿಯು ಜಾಲತಾಣದ ಸಾರ್ವಜನಿಕ ಕಡತಗಳು, ಅಪ್‌ಲೋಡ್ ಕಡತಗಳು ಹಾಗೂ ಟಾಮ್‌ಕ್ಯಾಟ್‌ನ ತಾತ್ಕಾಲಿಕ ಕಾರ್ಯ ಡೈರೆಕ್ಟರಿ, ಈ ಮೂರರಿಂದಲೂ ಪ್ರತ್ಯೇಕವಾಗಿರತಕ್ಕದ್ದು.

2) ಟಾಮ್‌ಕ್ಯಾಟ್ ಅನ್ನು ರೂಟ್ ಬಳಕೆದಾರನಾಗಿ ನಡೆಸದೆ, ಅದಕ್ಕಾಗಿಯೇ ರಚಿಸಿದ ಬಳಕೆದಾರ ಖಾತೆಯಲ್ಲಿ ನಡೆಸತಕ್ಕದ್ದು. ಲಿನಕ್ಸ್ ಗಣಕದಲ್ಲಿ ಸೆಷನ್ ಡೈರೆಕ್ಟರಿಯ ಒಡೆತನವನ್ನು ಆ ಖಾತೆಗೆ ಮಾತ್ರ ಕೊಟ್ಟು, ಅನುಮತಿಯನ್ನು 700 ಎಂದು ನಿಗದಿಪಡಿಸಬೇಕು.

3) ಕಡತದ ಹೆಸರೇ ಸೆಷನ್‌ನ ಗುರುತಾಗಿರುವುದರಿಂದ, ಡೈರೆಕ್ಟರಿಯ ಪಟ್ಟಿಯನ್ನು ನೋಡಬಲ್ಲವರು ಚಾಲ್ತಿಯಲ್ಲಿರುವ ಗುರುತನ್ನು ತಮ್ಮ ಬ್ರೌಸರ್‌ಗೆ ಸೇರಿಸಿ, ಬೇರೊಬ್ಬರಂತೆ ಲಾಗಿನ್ ಆದ ಸ್ಥಿತಿಯನ್ನು ಪಡೆಯಬಹುದು. ಓದುವ ಅನುಮತಿಯೂ ಬರೆಯುವ ಅನುಮತಿಯಷ್ಟೇ ಸೂಕ್ಷ್ಮವಾದುದು.

4) ಮ್ಯಾನೇಜರ್ ಅಂಶದಲ್ಲಿ ಸೆಷನ್ ಆಟ್ರಿಬ್ಯೂಟ್ ವ್ಯಾಲ್ಯೂ ಕ್ಲಾಸ್‌ನೇಮ್ ಫಿಲ್ಟರ್ ಎಂಬ ಗುಣವನ್ನು ನಮೂದಿಸಿ, ಅನ್ವಯಕ್ಕೆ ಅಗತ್ಯವಾದ ಜಾವಾ ವರ್ಗಗಳಿಗೆ ಮಾತ್ರ ಅವಕಾಶ ನೀಡಬೇಕು. ಪಟ್ಟಿಯಲ್ಲಿಲ್ಲದ ವರ್ಗದ ವಸ್ತುವನ್ನು ಸೆಷನ್‌ಗೆ ಸೇರಿಸಿಕೊಳ್ಳಲಾಗುವುದಿಲ್ಲ. ಪಟ್ಟಿಯು ಎಷ್ಟು ಕಿರಿದಾಗಿದೆಯೋ ರಕ್ಷಣೆ ಅಷ್ಟು ಬಲವಾಗಿರುತ್ತದೆ.

5) ಸೆಷನ್ ಕಡತವು ಗೂಢಲಿಪಿಯಲ್ಲಿ ಇರುವುದಿಲ್ಲ. ಅದರೊಳಗಿನ ಹೆಸರು, ವಿಳಾಸ ಮೊದಲಾದ ಪಠ್ಯವನ್ನು ಸಾಮಾನ್ಯ ಉಪಕರಣಗಳಿಂದಲೇ ಓದಬಹುದು. ಆದ್ದರಿಂದ ಗುಪ್ತಪದ, ಬ್ಯಾಂಕ್ ಖಾತೆಯ ವಿವರ ಮುಂತಾದವುಗಳನ್ನು ಸೆಷನ್‌ನಲ್ಲಿ ಇರಿಸಬಾರದು. ದೈನಂದಿನ ಬ್ಯಾಕಪ್‌ನಿಂದ ಈ ಡೈರೆಕ್ಟರಿಯನ್ನು ಹೊರಗಿಡುವುದು ಸೂಕ್ತ. ಇಲ್ಲವಾದಲ್ಲಿ ಅರ್ಧ ಗಂಟೆಯಲ್ಲಿ ಅಳಿಯಬೇಕಾದ ವಿವರಗಳು ಬ್ಯಾಕಪ್ ಪ್ರತಿಗಳಲ್ಲಿ ದೀರ್ಘಕಾಲ ಉಳಿದುಬಿಡುತ್ತವೆ.

6) ತಯಾರಕರ ಬೆಂಬಲವಿರುವ ಆವೃತ್ತಿಯನ್ನೇ ಬಳಸತಕ್ಕದ್ದು. ಟಾಮ್‌ಕ್ಯಾಟ್ 8.5ರ ಬೆಂಬಲವು 2024ರ ಮಾರ್ಚ್‌ನಲ್ಲಿ ಮುಕ್ತಾಯವಾಗಿದೆ.

9. ಅನ್ವಯ ರಚನಾಕಾರರು ಗಮನಿಸಬೇಕಾದ ಅಂಶಗಳು

ಸೆಷನ್‌ನಲ್ಲಿ ಇರಿಸುವ ಪ್ರತಿಯೊಂದು ವಸ್ತುವೂ ಜಾವಾದ ಸೀರಿಯಲೈಸಬಲ್ ಎಂಬ ನಿಯಮಕ್ಕೆ ಒಳಪಟ್ಟಿರಬೇಕು. ದತ್ತಸಂಚಯದ ಸಂಪರ್ಕ, ತೆರೆದ ಕಡತ ಮುಂತಾದವು ಇದಕ್ಕೆ ಹೊಂದುವುದಿಲ್ಲವಾದ್ದರಿಂದ ಅವುಗಳನ್ನು ಸೆಷನ್‌ನಲ್ಲಿ ಇರಿಸಬಾರದು. ವೆಬ್.ಎಕ್ಸ್‌ಎಂಎಲ್ ಕಡತದಲ್ಲಿ ಡಿಸ್ಟ್ರಿಬ್ಯೂಟಬಲ್ ಎಂಬ ಅಂಶವನ್ನು ಸೇರಿಸಿದಲ್ಲಿ, ನಿಯಮಕ್ಕೆ ಹೊಂದದ ವಸ್ತುವನ್ನು ಇರಿಸುವ ಕ್ಷಣದಲ್ಲಿಯೇ ಟಾಮ್‌ಕ್ಯಾಟ್ ದೋಷವನ್ನು ವರದಿ ಮಾಡುತ್ತದೆ. ಪರೀಕ್ಷಾ ಹಂತದಲ್ಲಿ ಇದು ಉಪಯುಕ್ತ.

ಹೊಸ ಆವೃತ್ತಿಯ ಅನ್ವಯವನ್ನು ಅಳವಡಿಸಿದಾಗ ವರ್ಗದ ರಚನೆ ಬದಲಾಗಿದ್ದಲ್ಲಿ ಹಳೆಯ ಸೆಷನ್ ಕಡತಗಳನ್ನು ಓದಲು ಸಾಧ್ಯವಾಗದಿರಬಹುದು. ವರ್ಗಗಳಿಗೆ ಸೀರಿಯಲ್‌ವರ್ಷನ್‌ಯುಐಡಿ ಎಂಬ ಸಂಖ್ಯೆಯನ್ನು ನಿಗದಿಪಡಿಸುವುದರಿಂದ ಸಣ್ಣ ಬದಲಾವಣೆಗಳಲ್ಲಿ ಈ ತೊಡಕನ್ನು ತಪ್ಪಿಸಬಹುದು. ದೊಡ್ಡ ಬದಲಾವಣೆಗಳಿದ್ದಲ್ಲಿ ಬಳಕೆದಾರರಿಗೆ ಮುಂಚಿತವಾಗಿ ಸೂಚನೆ ನೀಡಿ, ಹಳೆಯ ಕಡತಗಳನ್ನು ತೆರವುಗೊಳಿಸುವುದು ಉತ್ತಮ.

ಸೆಷನ್ ಚಿಕ್ಕದಾಗಿರುವುದು ಸಹ ಅಗತ್ಯ. ಮುಕ್ತಾಯಗೊಂಡ ಸೆಷನ್‌ಗಳನ್ನು ಗುರುತಿಸಲು ಹಿನ್ನೆಲೆ ಕಾರ್ಯವು ಡೈರೆಕ್ಟರಿಯಲ್ಲಿರುವ ಕಡತಗಳನ್ನು ಒಂದೊಂದಾಗಿ ಓದುತ್ತದೆ. ಸಾವಿರಾರು ದೊಡ್ಡ ಕಡತಗಳಿದ್ದಲ್ಲಿ ಈ ಓದುವಿಕೆಯೇ ಸರ್ವರ್ ಅನ್ನು ನಿಧಾನಗೊಳಿಸುತ್ತದೆ. ಅಂತಹ ದಟ್ಟಣೆಯ ಜಾಲತಾಣಗಳಿಗೆ, ಹಾಗೂ ಹಲವು ಸರ್ವರ್‌ಗಳು ಒಂದೇ ಸೇವೆಯನ್ನು ಹಂಚಿಕೊಂಡಿರುವಲ್ಲಿ, ದತ್ತಸಂಚಯ ಆಧಾರಿತ ಸಂಗ್ರಹ ಅಥವಾ ಸರ್ವರ್‌ಗಳ ನಡುವೆ ಸೆಷನ್ ಪ್ರತಿ ಮಾಡುವ ವ್ಯವಸ್ಥೆ ಹೆಚ್ಚು ಸೂಕ್ತವಾಗಿದೆ.

10. ಪರೀಕ್ಷಾ ಕ್ರಮ

ವ್ಯವಸ್ಥೆಯನ್ನು ಸಾರ್ವಜನಿಕ ಬಳಕೆಗೆ ತೆರೆಯುವ ಮೊದಲು ಪರೀಕ್ಷಾ ಸರ್ವರ್‌ನಲ್ಲಿ ಈ ಕೆಳಕಂಡ ಪರೀಕ್ಷೆಗಳನ್ನು ನಡೆಸತಕ್ಕದ್ದು.

1) ಲಾಗಿನ್ ಆಗಿ ನಮೂನೆಯ ಒಂದು ಪುಟವನ್ನು ಸಲ್ಲಿಸಿ, ಸರ್ವರ್ ಅನ್ನು ಕ್ರಮಬದ್ಧವಾಗಿ ನಿಲ್ಲಿಸಿ ಪ್ರಾರಂಭಿಸುವುದು. ಮುಂದಿನ ಪುಟವು ತೆರೆದುಕೊಳ್ಳಬೇಕು.

2) ಅದೇ ರೀತಿ ಸಲ್ಲಿಸಿ, ಮೂರು ನಿಮಿಷ ಕಾದು, ಸರ್ವರ್ ಅನ್ನು ಬಲವಂತವಾಗಿ ನಿಲ್ಲಿಸುವುದು. ಈ ಬಾರಿಯೂ ಸೆಷನ್ ಉಳಿದಿರಬೇಕು. ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣವಾಗಿ ಇದರಲ್ಲಿ ವಿಫಲವಾದಲ್ಲಿ, ಮ್ಯಾಕ್ಸ್‌ಐಡಲ್‌ಬ್ಯಾಕಪ್ ನಿಗದಿಯಾಗಿಲ್ಲವೆಂದು ತಿಳಿಯಬಹುದು.

3) ಸೆಷನ್ ಅವಧಿ ಮುಗಿದ ಕೆಲವು ನಿಮಿಷಗಳ ನಂತರ ಡೈರೆಕ್ಟರಿಯಲ್ಲಿನ ಕಡತವು ಅಳಿದಿದೆಯೇ ಎಂದು ನೋಡುವುದು.

4) ಬೇರೊಂದು ಸಾಮಾನ್ಯ ಖಾತೆಯಿಂದ ಡೈರೆಕ್ಟರಿಯ ಪಟ್ಟಿಯನ್ನು ನೋಡಲು ಪ್ರಯತ್ನಿಸುವುದು. ಅನುಮತಿ ನಿರಾಕರಣೆಯ ಸಂದೇಶವೇ ಇಲ್ಲಿ ಸರಿಯಾದ ಫಲಿತಾಂಶವಾಗಿದೆ.

11. ಸಾರಾಂಶ

ಕಡತ ಆಧಾರಿತ ಸೆಷನ್ ಸಂಗ್ರಹಣೆಯು ಒಂದೇ ಸರ್ವರ್‌ನಲ್ಲಿ ನಡೆಯುವ ಮಧ್ಯಮ ಪ್ರಮಾಣದ ಸೇವೆಗಳಿಗೆ ಸರಳವೂ ಮಿತವ್ಯಯಿಯೂ ಆದ ವ್ಯವಸ್ಥೆಯಾಗಿದೆ. ಸರ್ವರ್‌ನ ಮರುಪ್ರಾರಂಭದಿಂದ ಅರ್ಜಿದಾರರ ಶ್ರಮ ವ್ಯರ್ಥವಾಗುವುದನ್ನು ಇದು ಬಹುಮಟ್ಟಿಗೆ ತಪ್ಪಿಸುತ್ತದೆ. ಆದರೆ ಅರ್ಜಿದಾರರ ಅನುಕೂಲಕ್ಕಾಗಿ ತೆರೆದ ಇದೇ ಡೈರೆಕ್ಟರಿಯು, ರಕ್ಷಣೆಯಿಲ್ಲದೆ ಬಿಟ್ಟಲ್ಲಿ ಅವರೆಲ್ಲರ ವಿವರಗಳನ್ನೂ ಪರರ ಕೈಗೆ ಒಪ್ಪಿಸಬಲ್ಲದು. ಸಂಗ್ರಹ ಸ್ಥಳವನ್ನು ಸ್ಪಷ್ಟವಾಗಿ ಸೂಚಿಸುವುದು, ಅನುಮತಿಯನ್ನು ಸೀಮಿತಗೊಳಿಸುವುದು, ವರ್ಗಗಳ ಪಟ್ಟಿಯನ್ನು ನಿಗದಿಪಡಿಸುವುದು ಮತ್ತು ಸರ್ವರ್‌ನ ಆವೃತ್ತಿಯನ್ನು ಕಾಲಕಾಲಕ್ಕೆ ನವೀಕರಿಸುವುದು, ಈ ನಾಲ್ಕು ಕ್ರಮಗಳನ್ನು ಪೂರೈಸಿದ ನಂತರವೇ ಈ ವ್ಯವಸ್ಥೆಯನ್ನು ಸಾರ್ವಜನಿಕ ಸೇವೆಯಲ್ಲಿ ಜಾರಿಗೊಳಿಸತಕ್ಕದ್ದು.